ನರ್ಸಮ್ಮನ ಷರಾ ಕಲಂ

ಬೈರಪ್ಪನವರು ಹೆಣ್ಣಾಗಿ ಹುಟ್ಟಿದವರೆಂಬ ಸಂಗತಿ ಮಿಡಿಗೇಶಿ ಊರಿಗೆ ತಿಳಿದದ್ದು ಅವರ ಸನ್ಮಾನದ ದಿನ, ಸಭಾಭವನದ ಗೋಡೆಯ ಮೇಲೆ. ‘ಶ್ರೀ ಬೈರಪ್ಪನವರ ಜನನ’ ಎಂಬ ಶೀರ್ಷಿಕೆಯಡಿ ಪ್ರೊಜೆಕ್ಟರು ಗಂಭೀರವಾಗಿ ಘೋಷಿಸಿತು: ಹೆಣ್ಣು, ಎರಡೂಮುಕ್ಕಾಲು ಕೆ.ಜಿ., ಸುಖಪ್ರಸವ. ಹಾರದೊಳಗಿನಿಂದ ಬೈರಪ್ಪನವರ ಮೀಸೆ ಅದುರಿತು. “ಅದುಕ್ಕೇ ಕಣ್ರವ್ವ, ನಮ್ಮನೆಯೋರ್ಗೆ ಕನ್ನಡಿ ಮುಂದೆ ಅರ್ಧ ಗಂಟೆ ಬೇಕು!” ಎಂದು ಹೆಂಗಸರ ಸಾಲಿನಿಂದ ಅವರ ಹೆಂಡತಿ ಇಂದ್ರಮ್ಮ ಕೂಗಿದ ಮೇಲೆ ಸಭೆ ಸಭೆಯಾಗಿ ಉಳಿಯಲಿಲ್ಲ. ನಗದೆ ಕೂತವರು ಒಬ್ಬರೇ, ಲ್ಯಾಪ್‌ಟಾಪಿನ ಹಿಂದಿದ್ದ ರಾಧಾಮಣಿಯವರು. ಮೂವತ್ತಾರು ವರ್ಷದಲ್ಲಿ ಒಂದು ಮಗುವನ್ನೂ ಅದಲುಬದಲು ಮಾಡದ ಕೈ ಅದು.

ಸರ್ಕಾರದ ಕಡತದಲ್ಲಿ ಅವರು ಆರೋಗ್ಯ ಸಹಾಯಕಿ, ಜನರ ಬಾಯಲ್ಲಿ ನರ್ಸಮ್ಮ. ಪಕ್ಕದ ಬೀದಿಯಲ್ಲಿ ಯಾರಿಗೋ ನೋವು ಶುರುವಾಗಿದೆ ಎಂಬಂಥ ಪುಟ್ಟ ಹೆಜ್ಜೆಯ ಅವಸರದ ನಡಿಗೆ. ಮುಖ ಒಳಗೈಗೆ ತಿರುಗಿಸಿ ಕಟ್ಟಿದ ಗಂಡಸರ ಗಡಿಯಾರ. ಏನನ್ನೇ ಮುಗಿಸಲಿ, ಅದನ್ನೊಮ್ಮೆ ನೋಡಿ ಹೊತ್ತನ್ನು ಗಟ್ಟಿಯಾಗಿ ಹೇಳುವ ಅಭ್ಯಾಸ. ಮಧುಗಿರಿಯಿಂದ ಪಾವಗಡದ ಗಡಿಯವರೆಗೆ ತಾವು ಮಾಡಿಸಿದ ಹೆರಿಗೆಗಳನ್ನೆಲ್ಲ ಕೆಂಪು ರಟ್ಟಿನ ಡೈರಿಗಳಲ್ಲಿ ಬರೆದಿಟ್ಟಿದ್ದರು. ಕೊನೆಯ ಕಲಮ್ಮು ಷರಾ. ‘ತಾಯಿ ಮಗು ಕ್ಷೇಮ’ ಎಂದಿದ್ದರೆ ಸಾಕಾಗಿದ್ದ ಆ ಜಾಗದಲ್ಲಿ ಅವರು ‘ಸೀಮೆಎಣ್ಣೆ ಮುಗಿದಿತ್ತು, ಟಾರ್ಚು ಹಿಡಿದದ್ದು ಅತ್ತೆ’ ಎಂದೋ, ‘ಅಜ್ಜಿ ಮುನಿಸಿಕೊಂಡು ಕಣಕ್ಕೆ ಹೋದರು’ ಎಂದೋ ಬರೆಯುತ್ತಿದ್ದರು.

ಆ ಕಾಲಕ್ಕೆ ನಮ್ಮ ಸೀಮೆಯಲ್ಲಿ ಎಲ್ಲರೂ ಜೂನ್ ಒಂದರಂದೇ ಹುಟ್ಟುತ್ತಿದ್ದರು. ಹೆರಿಗೆಯಾಗುತ್ತಿದ್ದುದು ಮನೆಯಲ್ಲಿ, ಜನನವಾಗುತ್ತಿದ್ದುದು ಶಾಲೆಯ ದಾಖಲಾತಿ ಪುಸ್ತಕದಲ್ಲಿ, ಮೇಷ್ಟರ ಲೇಖನಿಯಿಂದ. ನಿಜವಾದ ದಿನ ಬೇಕಾದವರು ನರ್ಸಮ್ಮನ ಬಾಗಿಲಿಗೇ ಬರಬೇಕು. ನಿವೃತ್ತಿಯೆಂದರೆ ಪುನರಾವೃತ್ತಿ ಎಂದು ತಿಳಿದ ಅವರು, ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳುವ ಸೊಸೆ ರಕ್ಷಾಳ ನೆರವಿನಿಂದ ಅಷ್ಟೂ ಡೈರಿಗಳನ್ನು ಡೇಟಾಬೇಸಿಗೆ ಏರಿಸಿದರು. ಹುಡುಕುವುದಕ್ಕೆ ಪರದೆಯ ಮೇಲೂ ಒಂದು ನೋಟ್‌ಬುಕ್ಕೇ. ಪುಟದಲ್ಲಿ ಒಂದರ ಕೆಳಗೊಂದು ಚೌಕ: ಮೊದಲನೆಯದರಲ್ಲಿ ತಾಯಿಯ ಹೆಸರು, ಊರು, ಇಸವಿ, ನಡುವಿನದರಲ್ಲಿ ಡೇಟಾಬೇಸಿಗೆ ಕೇಳುವ ಪ್ರಶ್ನೆ, ಕೊನೆಯದರಲ್ಲಿ ಉತ್ತರ. ಮೇಲೆ ಹೆಸರು ಬದಲಿಸಿ ಕೊನೆಯ ಚೌಕವನ್ನಷ್ಟೇ ಓಡಿಸಿದರೆ ಹಿಂದಿನವರ ಉತ್ತರವೇ ಮತ್ತೆ ಬಂದು ಕೂರುತ್ತದೆ. ಬೈರಪ್ಪನವರಿಗೆ ಲಿಂಗ ಬದಲಾದದ್ದು ಹೀಗೆ. ಅಂದಿನಿಂದ ರಾಧಾಮಣಿಯವರದು ಒಂದೇ ಹಟ: ಎಷ್ಟೇ ಅವಸರವಿರಲಿ, ಮೊದಲ ಚೌಕದಿಂದ ಒಂದೊಂದಾಗಿ ಓಡಿಸಿಕೊಂಡೇ ಬರಬೇಕು.

ಕಳೆದ ವರ್ಷ ವಳ್ಳೂರಿನಿಂದ ಬಸವಮ್ಮ ಬಂದಾಗ ನಾನು ನರ್ಸಮ್ಮನ ಮನೆಯಲ್ಲೇ ಕಾಫಿ ಕುಡಿಯುತ್ತಿದ್ದೆ. ಸೋಲಾರ್ ಪಾರ್ಕಿನಲ್ಲಿ ಫಲಕ ತೊಳೆಯುವ ಕೆಲಸದವಳು, ನಲವತ್ತು ದಾಟಿದ್ದಿರಬೇಕು.

“ನಾ ಹುಟ್ಟಿದ್ ದಿನ ಬೇಕಮ್ಮ,” ಎಂದಳು. “ನಮ್ಮಪ್ಪ ಬಾವಿ ಕುಸಿದು ಹೋಗಿದ್ದು ಎಂಬತ್ನಾಲ್ಕು, ನವೆಂಬರ್ ಹದಿನಾಕು. ನಾನು ಅವತ್ತೇ ಹುಟ್ಟಿ ಅಪ್ಪನ್ನ ತಿಂದ್ಕಂಡೋಳಂತೆ. ಬರೋ ವಾರ ಮಗಳ ಮದುವೆ. ಧಾರೆಗೆ ನೀನು ಕೈ ಇಡಬ್ಯಾಡ, ಒಳಗೇ ಇರು ಅಂತಾನೆ ದೊಡ್ಡಪ್ಪ.”

“ಅವ್ವನ ಹೆಸ್ರು?”

“ದಾಸಮ್ಮ. ಅವಳೂ ಇಲ್ಲ ಈಗ.”

ದಾಸಮ್ಮ, ವಳ್ಳೂರು, ೧೯೮೪. ಮೊದಲ ಚೌಕ, ಎರಡನೆಯದು, ಮೂರನೆಯದು. ಪಟ್ಟಿ ಖಾಲಿ. ಬಸವಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಎದ್ದಳು.

“ಕೂತ್ಕಳೇ, ಎಲ್ಲಿಗೆ ಓಡ್ತೀಯ? ನೀನು ಚೊಚ್ಚಲು ತಾನೇ? ಚೊಚ್ಚಲ ಬಾಣಂತನ ಯಾರಾದ್ರೂ ಗಂಡನ ಮನೇಲಿ ಮಾಡ್ತಾರಾ? ನಿಮ್ಮವ್ವನ ತೌರು ಯಾವ್ದು ಹೇಳು.”

“ಮಿಡಿಗೇಶಿ. ಅಪ್ಪ ಬಾವಿ ತೋಡ್ತಿದ್ದುದೂ ಅಲ್ಲೇ, ತಾತನ ಹೊಲದಾಗೆ.”

ಊರು ಬದಲಾಯಿತು. ಮತ್ತೆ ಮೊದಲಿಂದ, ಒಂದೊಂದೇ ಚೌಕ. ಒಂದೇ ಒಂದು ಸಾಲು ಬಂತು. ನರ್ಸಮ್ಮ ಕನ್ನಡಕ ಮೇಲೇರಿಸಿ ಓದಿದರು: ನವೆಂಬರ್ ಒಂಬತ್ತು, ಬೆಳಗಿನ ನಾಲ್ಕು ಇಪ್ಪತ್ತು, ಹೆಣ್ಣು. ಷರಾ: ‘ತಂದೆ ಮಗುವನ್ನು ಎತ್ತಿಕೊಂಡವರು ಕೆಳಗಿಡಲೊಲ್ಲರು. ಬೀದಿಗೆಲ್ಲ ಬೆಲ್ಲ ಹಂಚಿದರು. ನನಗೆ ಎರಡು ಅಚ್ಚು.’

“ನಿಜಮಾ ಅಮ್ಮಾ?” ಬಸವಮ್ಮನ ಬಾಯಿಂದ ಗಡಿಯ ತೆಲುಗು ಹೊರಟಿತು. “ಐದು ದಿನ ಇದ್ನಾ? ನನ್ನ ಎತ್ಕಂಡಿದ್ನಾ? ಇನ್ನೊಂದ್ ಸಲ ಒತ್ತಮ್ಮ.”

ಮತ್ತೆ ಒತ್ತಿದರು, ಮೊದಲ ಚೌಕದಿಂದಲೇ. ಅದೇ ಸಾಲು, ಅದೇ ಬೆಲ್ಲ. ರಾಧಾಮಣಿಯವರು ಎದ್ದು ಬೀರುವಿನಿಂದ ಆ ವರ್ಷದ ಡೈರಿಯನ್ನೇ ತೆಗೆದು ಅವಳ ಮಡಿಲಲ್ಲಿಟ್ಟರು. “ಕಂಪ್ಯೂಟರು ಅಂದ್ರೆ ನಿನ್ ದೊಡ್ಡಪ್ಪ ನಂಬಾಕಿಲ್ಲ. ಈ ಕೈಬರಹ ತೋರ್ಸು. ಧಾರೆ ನೀನೇ ಎರಿ, ಆಮೇಲೆ ತಂದ್ಕೊಡು.” ಅನಂತರ ಗಡಿಯಾರ ನೋಡಿ, “ಹನ್ನೊಂದು ಹತ್ತು,” ಎಂದರು.

ಹತ್ತು ದಿನದ ಮೇಲೆ ಡೈರಿ ಹಿಂದಿರುಗಿತು. ನವೆಂಬರಿನ ಹಾಳೆಗಳ ನಡುವೆ ನಾಲ್ಕು ಕಾಳು ಅಕ್ಷತೆ ಇತ್ತು. ಹಾಳೆಗೆ ಅರಿಶಿನ ಅಂಟಿತ್ತು. ಅದನ್ನು ಒರೆಸಲು ನಾನು ಕೈಹಾಕಿದರೆ ಅವರು ಬಿಡಲಿಲ್ಲ.

ಇಂಥವರು ಒಂದು ಕಾಲಕ್ಕೆ ಹೋಬಳಿಗೊಬ್ಬರಿದ್ದರು. ಯಾರೂ ಕೇಳದಿದ್ದರೂ ಬರೆದಿಡುವವರು, ನಮ್ಮ ಆರಂಭಗಳನ್ನು ನಮಗಿಂತ ಜೋಪಾನವಾಗಿ ಕಾದವರು. ಸೀಮೆಯ ನೆನಪೆಲ್ಲ ಇಂಥವರ ಎದೆಯಲ್ಲೇ ಬೆಚ್ಚಗಿರುತ್ತದೆಂದು ನಾನು ಗಾಢವಾಗಿ ನಂಬಿದ್ದೆ. ಆ ನಂಬಿಕೆಯ ಭಾರದಲ್ಲೇ ಕೇಳಿದೆ: “ಆ ಬೆಳಗು, ಆತನ ಮುಖ, ಆ ಬೆಲ್ಲದ ರುಚಿ... ಎಲ್ಲ ನೆನಪಿದೆಯಾ ಅಮ್ಮ?”

ರಾಧಾಮಣಿಯವರು ಡೈರಿಯನ್ನು ಬೀರುವಿಗೆ ಸೇರಿಸಿ ಬಾಗಿಲು ಹಾಕಿದರು.

“ಒಂಚೂರೂ ಇಲ್ಲ ಕಣಪ್ಪ. ಆವತ್ತೇ ಬರ್ದಾಕ್ಬುಟ್ನಲ್ಲ, ಇನ್ಯಾಕೆ ನೆನಪಿಟ್ಕಳ್ಳಾದು?”