ಮೀನು ಸುತ್ತಿದ ಸಂಪಾದಕೀಯ

ನಮ್ಮ ರೈತರ ಪತ್ರಿಕೆ ಹುಟ್ಟಿದ್ದು ದನದ ಕೊಟ್ಟಿಗೆಯಲ್ಲಿ. ಜಮೀನ್ದಾರರ ಪತ್ರಿಕೆ ರೈತರನ್ನು ಹೀಯಾಳಿಸಿತೆಂದು ನಮ್ಮ ಮಾವನವರ ಕಾಲದವರು ಬೆಣ್ಣೆ ಮಾರಿ ಅಚ್ಚಿನ ಯಂತ್ರ ತಂದರು. ಅದರ ಗದ್ದಲಕ್ಕೆ ಹಸುಗಳು ಒಂದು ಚಳಿಗಾಲವಿಡೀ ಕಪ್ಪು ಹಾಲು ಕೊಟ್ಟವಂತೆ. ನಾನು ಕುಡಿದಿಲ್ಲ, ಆದರೆ ನಂಬುತ್ತೇನೆ.

ಬೇಲಿಯಾಚೆ ಮನೆಯವನು ಐನಾರ್, ಸಿಮೆಂಟ್ ಕಾರ್ಖಾನೆಯಲ್ಲಿ ದುಡಿದವನು. ಅವನದು ಕಾರ್ಮಿಕರ ಪತ್ರಿಕೆ. ಡೆನ್ಮಾರ್ಕಿನ ನಮ್ಮ ಕಡೆ ಪತ್ರಿಕೆಯೆಂದರೆ ಪಕ್ಷ. ಕ್ಷೌರಿಕ, ಬೇಕರಿ, ಬೀಗರು ಎಲ್ಲ ಅದರ ಪ್ರಕಾರವೇ. ಅಕ್ಕಪಕ್ಕದವರು ಒಂದೇ ಪತ್ರಿಕೆ ತರಿಸಿ ಹಂಚಿಕೊಂಡು ಓದುವುದು ರೂಢಿ, ಒಂದೇ ಪಕ್ಷದವರಾದರೆ ಮಾತ್ರ. ನಾವು ಹಂಚಿಕೊಂಡದ್ದು ಜಗಳ. ನನ್ನ ಗಂಡ ಲಾರಿಟ್ಸ್ ತೀರಿಕೊಂಡ ಮೇಲೆ ಬೆಳಗಿನ ಆ ಜಗಳವೊಂದೇ ನನ್ನ ಕಿವಿಗೆ ಬೀಳುತ್ತಿದ್ದ ಮನುಷ್ಯರ ದನಿ.

ಆ ವರ್ಷ ಎಲೆ ಉದುರುವಾಗ ಕಾರ್ಮಿಕರ ಪತ್ರಿಕೆ ನಿಂತುಹೋಯಿತು. ಐನಾರ್ ಬೇಲಿಯ ಹತ್ತಿರ ಸುಳಿಯಲೇ ಇಲ್ಲ. ಹಿನ್ನೀರಿನಿಂದೆದ್ದ ಮಂಜು ಅವನ ಮನೆಯನ್ನು ಸಕ್ಕರೆಯಂತೆ ಕರಗಿಸಿಕೊಂಡಿತ್ತು. ನಾನೇ ಹೋಗಿ ಬಾಗಿಲು ಬಡಿದೆ.

"ನಮ್ಮದನ್ನೇ ಓದೋ ಮಾರಾಯ, ನಾನೇ ಕೊಡ್ತೀನಿ."

"ಸತ್ರೂ ಆ ಸಗಣಿ ಕಾಗದ ಮುಟ್ಟಲ್ಲ, ಹೋಗೇ ಮುದುಕಿ!" ಎಂದವನೇ ಬಾಗಿಲು ಹಾಕಿಕೊಂಡ.

ಒಲೆಯ ಪಕ್ಕ ಕುಳಿತಲ್ಲೇ ತೂಕಡಿಕೆ ಬಂತು. ಕನಸಿನಲ್ಲಿ ಲಾರಿಟ್ಸ್ ಪತ್ರಿಕೆ ಮಡಚಿ ಮಾಡಿದ ದೋಣಿಯಲ್ಲಿ ಮಂಜಿನೊಳಗಿಂದ ಬಂದ. ಅವನ ಹುಟ್ಟುಗೋಲಿನಿಂದ ಅಕ್ಷರಗಳು ತೊಟ್ಟಿಕ್ಕಿ, ನೀರು ಸೋಕುತ್ತಲೇ ಬೆಳ್ಳಿಮೀನಾಗಿ ಈಜಿಹೋಗುತ್ತಿದ್ದವು.

"ಮೀನಿಗೆ ಪಕ್ಷ ಇರಲ್ಲ ಕಣೇ, ಪೆಟ್ರಿಯಾ," ಎಂದು ನಕ್ಕ. ಬದುಕಿದ್ದಾಗ ಇಷ್ಟು ಬುದ್ಧಿ ಇರಲಿಲ್ಲ ಅವನಿಗೆ.

ಎದ್ದವಳೇ ಉಪ್ಪು ಹಾಕಿದ ಹೆರಿಂಗ್ ಮೀನನ್ನು ಅಂದಿನ ಸಂಪಾದಕೀಯದಲ್ಲಿ ಸುತ್ತಿ, ಐನಾರನ ಬಾಗಿಲಿಗೆ ನೇತುಹಾಕಿ ಬಂದೆ.

ಮರುದಿನ ಬೆಳಿಗ್ಗೆ ಬೇಲಿಯಾಚೆ ಮಂಜೇ ಗುಡುಗಿತು. "ಯಾವ ಗೂಬೆ ಬರೆದಿದ್ದು ಅದನ್ನ? ಕಾರ್ಖಾನೆಯೋರು ಕೂಲಿ ಜಾಸ್ತಿ ಕೇಳ್ಬಾರ್ದಂತೆ!"

ನನ್ನ ಎದೆ ಹದಿನೆಂಟರ ಹುಡುಗಿಯ ಹಾಗೆ ಕುಣಿಯಿತು. "ಓದಲ್ಲ ಅಂದ್ಯಲ್ಲೋ?"

"ಯಾರು ಓದಿದ್ರು? ಮೀನು ಬಿಚ್ಚುವಾಗ ಕಣ್ಣಿಗೆ ಬಿತ್ತು."

"ಮೂಲೇಲಿದ್ದ ಸಣ್ಣಕ್ಷರಾನೂ?"

ಬೇಲಿಯ ಹತ್ತಿರಕ್ಕೆ ಹೆಜ್ಜೆ ಸಪ್ಪಳ ಬಂತು. ಆಮೇಲೆ ಮೆಲ್ಲಗೆ, "ಉಳಿದದ್ದು ಒಳಗಿನ ಪುಟದಲ್ಲಿ ಅಂತ ಹಾಕಿದ್ರು. ಇವತ್ತೂ ಮೀನಿದೆಯಾ?"

"ಇದೆ. ಆದ್ರೆ ಕಾಫಿ ಜೊತೆ ಇಲ್ಲೇ ತಿನ್ಬೇಕು. ಕಟ್ಟಿ ಕೊಡಲ್ಲ."

ಮಂಜು ಸರಿಸಿಕೊಂಡು ಐನಾರ್ ಬಂದ. ಕೈಯಲ್ಲಿ ಖಾಲಿ ತಟ್ಟೆ, ಮೂಗಿನ ಮೇಲೆ ಕನ್ನಡಕ.