ಬಡಗಿಯಣ್ಣ ಕೋಳಿಗೂಡಿಗೆ ಗರಗಸ ಹಾಕಿದ ದಿನ

ನಮ್ಮ ಪಕ್ಕದ ಮನೆಯ ಹಿತ್ತಲಲ್ಲಿ ಒಂದು ಕೋಳಿಗೂಡು ಇದೆ. ಗೂಡು ಎಂದ ಕೂಡಲೇ ಮಗುಚಿ ಹಾಕಿದ ಬುಟ್ಟಿಯನ್ನೋ ತುಕ್ಕು ಹಿಡಿದ ಡಬ್ಬವನ್ನೋ ನೆನೆಸಿಕೊಳ್ಳಬೇಡಿ. ಒಳ್ಳೆಯ ಮರ, ಸೂಜಿ ತೂರದಂಥ ಜೋಡಣೆ, ಮೇಲೆ ಮಿರಮಿರ ಮಿಂಚುವ ವಾರ್ನಿಷ್. ಮದುವೆ ಮನೆಗಳಿಗೆ ಬೀರು ಮಾಡಿಕೊಡುವ ಕೈಯೇ ಅದನ್ನೂ ಮಾಡಿದ್ದು. ಆ ಕೈ ನಮ್ಮ ಬಡಗಿಯಣ್ಣನದು. ನಾನು ಬಟ್ಟೆ ಹೊಲಿಯುವವಳು. ನನ್ನ ಮೆಷಿನ್ ಪಕ್ಕದ ಕಿಟಕಿ ಸೀದಾ ಅವರ ಹಿತ್ತಲಿಗೆ ತೆರೆಯುತ್ತದೆ. ಹಾಗಾಗಿ ನಾನು ಹೇಳುವುದೆಲ್ಲ ಕಣ್ಣಾರೆ ಕಂಡದ್ದೇ. ಕಂಡದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಗುಣ ನನಗೆ ಮೊದಲಿನಿಂದಲೂ ಇಲ್ಲ.

ಹೋದ ವರ್ಷ ಆ ಗೂಡಿನ ತುಂಬ ಕೋಳಿಗಳಿದ್ದವು. ಬಡಗಿಯಣ್ಣನ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತೇನೆ. ಅವಳು ಅವುಗಳನ್ನು ಮಕ್ಕಳಂತೆ ಸಾಕಿದ್ದಳು. ಆಮೇಲೆ ಕೊಕ್ಕರೆ ರೋಗ ಬಂತು. ಕೋಳಿಗಳು ಬಾಯಿ ತೆರೆದು ಉಸಿರೆಳೆದವು, ಹಸಿರಾಗಿ ಭೇದಿ ಮಾಡಿದವು, ಕತ್ತು ತಿರುಚಿಕೊಂಡು ಬಿದ್ದವು. ನೋಡನೋಡುತ್ತಲೇ ಗೂಡು ಖಾಲಿಯಾಯಿತು. ಆಳವಾಗಿ ಗುಂಡಿ ತೋಡಿ, ಎಲ್ಲವನ್ನೂ ಹೂತು, ಮೇಲೆ ಸುಣ್ಣ ಸುರಿದವನು ಬಡಗಿಯಣ್ಣ. ಆಮೇಲೆ ಕೈ ತೊಳೆಯುವ ನೆಪದಲ್ಲಿ ನಲ್ಲಿಯ ಹತ್ತಿರ ನಿಂತು ಬಹಳ ಹೊತ್ತು ಅತ್ತ. ನಾನು ಕಿಟಕಿಯ ಪರದೆ ಎಳೆದುಕೊಂಡೆ.

ಈ ವರ್ಷ ಅತ್ತಿಗೆ ತವರಿಗೆ ಹೋದವಳು ಒಂದು ಬುಟ್ಟಿ ತುಂಬ ಚಿಂವ್ ಚಿಂವ್ ಎನ್ನುವ ಮರಿಗಳನ್ನು ತಂದುಬಿಟ್ಟಳು. ಬಡಗಿಯಣ್ಣನ ಮುಖ ಗಂಟಿಕ್ಕಿತು.

"ಏನೇ ಇದು?"

"ಕಾಣಲ್ವಾ? ಕೋಳಿಮರಿ."

"ಮರಿ ಅಂತ ನಂಗೂ ಗೊತ್ತು. ನಮ್ಮನೆಗೆ ಯಾಕೆ ಬಂದ್ವು ಅಂತ ಕೇಳ್ದೆ."

"ಮಕ್ಕಳು ದಿನಾ ಮೊಟ್ಟೆ ಮೊಟ್ಟೆ ಅಂತ ಪ್ರಾಣ ತಿಂತಾವೆ. ಹೇಟೆ ಮೊಟ್ಟೆ ಇಡತ್ತೆ, ಹೆಚ್ಚಾದ ಹುಂಜ ಅಡುಗೆಗೆ ಆಗತ್ತೆ. ಅಂಗಡಿಗೆ ಓಡೋದು ತಪ್ಪತ್ತಲ್ಲ."

"ಹೋದ ವರ್ಷದ್ದು ಮರ್ತೇ ಹೋಯ್ತಾ ನಿಂಗೆ? ಮತ್ತೆ ಗುಂಡಿ ತೋಡೋಕೆ ನನ್ನ ಕೈಲಾಗಲ್ಲ. ಮರಿ ವಾಪಸ್ ಕೊಟ್ಟು ಬಾ. ನಾನು ಗೂಡು ಒಡೆದು ಬೆಂಚು ಮಾಡ್ತೀನಿ."

ಅತ್ತಿಗೆ ಬುಟ್ಟಿಯನ್ನು ಎದೆಗೆ ಅವಚಿಕೊಂಡಳು. "ರೀ, ಇದೊಂದು ಸಲ. ಇವೂ ಸತ್ರೆ ನಾನೇ ಕೊಡಲಿ ತಂದು ಕೊಡ್ತೀನಿ. ಈ ಜನ್ಮದಲ್ಲಿ ಮತ್ತೆ ಕೋಳಿ ಸುದ್ದಿ ಎತ್ತಲ್ಲ."

ಅವಳು ಆಡಿದ ಮಾತು ಉಳಿಸಿಕೊಳ್ಳುವವಳು. ಈ ಮರಿಗಳೂ ಹೋದರೆ ಆ ಹಿತ್ತಲಲ್ಲಿ ಇನ್ನು ಕೋಳಿ ಕೂಗುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಸುಮ್ಮನಿರಲು ಆಗಲಿಲ್ಲ. ಕಿಟಕಿಯಿಂದಲೇ ಕೂಗಿದೆ.

"ಅಣ್ಣಾ, ಹನಿ ಅಕ್ಕನ್ನ ಒಂದು ಮಾತು ಕೇಳೋಣ. ಲಸಿಕೆ ಹಾಕ್ತಾರೆ."

"ನಿನ್ನ ಬಾಯಿಗೆ ಒಂದು ಹೊಲಿಗೆ ಹಾಕ್ಕೋ ತಾಯಿ. ಹೋದ ವರ್ಷ ನಾನೇ ಕೈಯಾರೆ ಲಸಿಕೆ ತಂದು ಹಾಕಿರ್ಲಿಲ್ವಾ? ಏನಾಯ್ತು? ಎಲ್ಲಾ ಬುರುಡೆ."

ಹನಿ ಅಕ್ಕ ಎಂದರೆ ಪಶು ಆಸ್ಪತ್ರೆಯಿಂದ ನಮ್ಮ ಬೀದಿಗೆ ಬರುವವರು. ಕೋಳಿಗಳ ಕಣ್ಣಿಗೆ ಲಸಿಕೆಯ ಹನಿ ಬಿಡುತ್ತಾರೆಂದು ಆ ಹೆಸರು. ಮಾರನೆಯ ದಿನ ನಾನೇ ಅವರನ್ನು ಕರೆತಂದೆ. ಬಡಗಿಯಣ್ಣ ಬಾಗಿಲಲ್ಲೇ ಅಡ್ಡ ನಿಂತ. ಹನಿ ಅಕ್ಕ ಜಗಳಕ್ಕೆ ಹೋಗಲಿಲ್ಲ, ಮೆಟ್ಟಿಲ ಮೇಲೆ ಕೂತು ನೀರು ಕೇಳಿದರು. ಕುಡಿದು, ಲೋಟ ಕೆಳಗಿಟ್ಟು, ಮಾತು ಶುರು ಮಾಡಿದರು.

"ಹೋದ ವರ್ಷ ಸೀಸೆ ಎಲ್ಲಿಂದ ತಂದ್ರಿ ಅಣ್ಣ?"

"ಆಸ್ಪತ್ರೆಯಿಂದಾನೇ."

"ಜೊತೆಗೆ ಐಸ್ ಕೊಟ್ಟಿದ್ರಾ?"

"ಕೊಟ್ಟಿದ್ರು, ಚೀಲದಲ್ಲಿ ಹಾಕಿ." ಬಡಗಿಯಣ್ಣ ಸ್ವಲ್ಪ ತಡವರಿಸಿದ. "ಅದು ಕರಗಿ ನನ್ನ ಉಳಿ, ಗರಗಸ ಎಲ್ಲಾ ಒದ್ದೆ ಆಗ್ತಿತ್ತು. ತುಕ್ಕು ಹಿಡಿಯತ್ತಲ್ವಾ? ಐಸ್ ದಾರೀಲೇ ಚೆಲ್ಲಿಬಿಟ್ಟೆ."

"ಸೀಸೆ?"

"ಉಳಿ ಚೀಲದಲ್ಲಿತ್ತು. ಒಂದು ಮನೆಗೆ ಬಾಗಿಲು ಕೂರಿಸೋದಿತ್ತು. ಮುಗಿಸ್ಕೊಂಡು ಸಂಜೆ ಬಂದು ಹಾಕ್ದೆ."

ಅತ್ತಿಗೆ ಹಣೆ ಹಣೆ ಚಚ್ಚಿಕೊಂಡಳು. ನನಗೆ ನಗು ತಡೆಯಲಾಗಲಿಲ್ಲ. ಉಳಿಗೆ ತುಕ್ಕು ಹಿಡಿಯಬಾರದೆಂದು ಕೋಳಿಯ ಪ್ರಾಣ ತೆತ್ತವನು ಲೋಕದಲ್ಲಿ ಇವನೊಬ್ಬನೇ ಇರಬೇಕು. ಹನಿ ಅಕ್ಕ ಮಾತ್ರ ನಗಲಿಲ್ಲ.

"ಲಸಿಕೆ ಬುರುಡೆ ಅಲ್ಲ ಅಣ್ಣ. ಆ ಹನಿಯೊಳಗೆ ಜೀವ ಇರತ್ತೆ. ಆಸ್ಪತ್ರೆ ಬಿಟ್ಟಾಗಿಂದ ಕೋಳಿ ಕಣ್ಣಿಗೆ ಬೀಳೋವರೆಗೂ ತಣ್ಣಗೇ ಇರಬೇಕು. ಬಿಸಿಲಲ್ಲಿ ಇಟ್ರೆ ಸತ್ತೇ ಹೋಗತ್ತೆ. ನೀವು ಹಾಕಿದ್ದು ಬರೀ ನೀರು. ಬೇಕೂಂತ ಮಾಡಿದ್ದಲ್ಲವಲ್ಲ, ಬಿಡಿ. ಗೂಡು ಎಲ್ಲಿ, ತೋರಿಸಿ."

ಗೂಡು ಎಂದ ಕೂಡಲೇ ಬಡಗಿಯಣ್ಣನಿಗೆ ಹುರುಪು ಬಂತು. ಮುಂದೆ ಹೋಗಿ ಮರದ ಮೇಲೆ ಟಕಟಕ ಬಡಿದ. "ನೋಡಿ ಅಕ್ಕ, ಎಲ್ಲಾದ್ರೂ ಒಂದು ಸಂದು ತೋರಿಸಿ. ಇರುವೆ ಕೂಡ ಒಳಗೆ ಹೋಗಲ್ಲ."

"ಇರುವೆ ಹೋಗಲ್ಲ ಸರಿ. ಗಾಳಿ ಎಲ್ಲಿಂದ ಹೋಗಬೇಕು?"

"ಗಾಳಿ ಯಾಕೆ? ಚಳಿ ಆಗಲ್ವಾ?"

"ಒಂದು ಸಲ ತಲೆ ಒಳಗೆ ಹಾಕಿ ನೋಡಿ ಅಣ್ಣ."

ಬಡಗಿಯಣ್ಣ ಮಂಡಿಯೂರಿ ತಲೆ ತೂರಿಸಿದ. ಹಳೆಯ ಹಿಕ್ಕೆ ಒಳಗೇ ಒಣಗಿ ಕೂತಿತ್ತು. ಅಷ್ಟು ದಿನ ಮುಚ್ಚಿಟ್ಟ ವಾಸನೆ ಅವನ ಮೂಗಿಗೆ ಒಮ್ಮೆಲೇ ಬಡಿಯಿತು. ಹೊರಗೆ ಬಂದಾಗ ಮೂಗು ಕೆಂಪು, ಕಣ್ಣಲ್ಲಿ ನೀರು, ಮೇಲಿಂದ ಮೇಲೆ ಸೀನು.

"ಖಾಲಿ ಗೂಡೇ ಹೀಗಿದ್ರೆ, ರಾತ್ರಿಯೆಲ್ಲ ಅಷ್ಟು ಕೋಳಿ ಅದರೊಳಗೆ ಹೇಗೆ ಉಸಿರಾಡಿರಬೇಕು?" ಎಂದರು ಹನಿ ಅಕ್ಕ. "ಈ ವಾಸನೆಗೆ ಅವುಗಳ ಎದೆ ಸೋತಿರತ್ತೆ. ರೋಗ ಬಂದಾಗ ತಡ್ಕೊಳ್ಳೋಕೆ ಶಕ್ತಿ ಎಲ್ಲಿಂದ ಬರಬೇಕು?"

ಬಡಗಿಯಣ್ಣ ಮೂಗು ಒರೆಸಿಕೊಂಡು ಗೂಡಿನ ಮರ ಸವರಿದ. ತಾನು ಮಾಡಿದ ಅಚ್ಚುಕಟ್ಟಾದ ಕೆಲಸಕ್ಕೆ ತಾನೇ ತೂತು ಕೊರೆಯುವುದೆಂದರೆ ಅವನಿಗೆ ಸುಲಭವೇ? ಊಟಕ್ಕೂ ಸರಿಯಾಗಿ ಕೂರಲಿಲ್ಲ ಎಂದು ಅತ್ತಿಗೆ ಹೇಳಿದಳು.

ಮರುದಿನ ಬೆಳಗ್ಗೆ ನಾನು ಒಂದು ಅಂಗಿಯ ತೋಳು ಕೂರಿಸುತ್ತಿದ್ದೆ. ಹಿತ್ತಲಿನಿಂದ ಗರಗಸದ ಸದ್ದು ಬಂತು. ತೋಳನ್ನು ಅರ್ಧಕ್ಕೇ ಬಿಟ್ಟು ಓಡಿದೆ. ಬಡಗಿಯಣ್ಣ ಗೂಡಿನ ಎದುರುಬದುರು ಗೋಡೆಗಳಲ್ಲಿ, ಕೋಳಿಯ ತಲೆಗಿಂತ ಎತ್ತರದಲ್ಲಿ, ಉದ್ದನೆಯ ಕಿಟಕಿಗಳನ್ನು ಕೊರೆಯುತ್ತಿದ್ದ. ಹಲ್ಲು ಕಚ್ಚಿಕೊಂಡಿದ್ದ, ಕೈ ಮಾತ್ರ ನಿಲ್ಲಲಿಲ್ಲ. ಕಿಟಕಿಗೆ ತಂತಿ ಬಲೆ ಹೊಡೆದ. ಇಲಿ, ಹಾವು, ಬೆಕ್ಕು ತೂರದ ಹಾಗೆ ಬಲೆಯ ಕಣ್ಣು ಸಣ್ಣದು. ಗೂಡನ್ನು ಉಜ್ಜಿ ತೊಳೆದು, ಬಿಸಿಲಿಗೆ ಒಣಗಿಸಿ, ಒಳಗೆ ಸುಣ್ಣ ಬಳಿದ. ನೆಲದ ತೇವ ತಾಗದಂತೆ ನಾಲ್ಕು ಕಾಲು ಕೂರಿಸಿದ. ಕೂರಲು ಅಡ್ಡ ಕೋಲು, ಮೊಟ್ಟೆಯಿಡಲು ಕತ್ತಲೆಯ ಮೂಲೆ. ಕೆಳಗೆ ಹಾಸಲು ಅವನ ಅಂಗಡಿಯಲ್ಲೇ ಮರ ಕೀಸಿದ ಒಣ ಹೊಟ್ಟು ರಾಶಿ ಬಿದ್ದಿತ್ತು. ಬಣ್ಣ, ಔಷಧಿ ತಾಗದ ಮರದ್ದನ್ನೇ ಆರಿಸಿ ಹಾಕಿದ.

ಇನ್ನು ಲಸಿಕೆ. ಹನಿ ಅಕ್ಕ ಒಂದು ಕಷ್ಟ ಹೇಳಿದರು. ಒಂದು ಸೀಸೆ ನೂರಾರು ಕೋಳಿಗೆ ಸಾಕು, ಆದರೆ ಅದರ ಪುಡಿಯನ್ನು ಜೊತೆಗೆ ಕೊಡುವ ನೀರಿನಲ್ಲಿ ಒಮ್ಮೆ ಕಲಸಿದ ಮೇಲೆ ಬೇಗನೆ ಮುಗಿಸಬೇಕು, ನಾಳೆಗೆ ಇಡುವಂತಿಲ್ಲ.

"ಹಾಗಾದ್ರೆ ಇಡೀ ಬೀದೀನೇ ಸೇರಿಸಿದ್ರಾಯ್ತು," ಎಂದೆ ನಾನು. ನನಗೆ ಬಾಯಿ ಇರುವುದಾದರೂ ಮತ್ತೆ ಯಾತಕ್ಕೆ? ಮನೆ ಮನೆಗೂ ಹೋಗಿ ಹೇಳಿದೆ. "ನಾಳೆ ಬೆಳಗ್ಗೆ ಗೂಡಿನ ಬಾಗಿಲು ತೆಗೀಬೇಡಿ, ಆಮೇಲೆ ಹಿಡಿಯೋಕೆ ಊರೆಲ್ಲಾ ಓಡಬೇಕಾಗತ್ತೆ."

ಆ ಬೆಳಗ್ಗೆ ಬಡಗಿಯಣ್ಣನ ಹಿತ್ತಲಲ್ಲಿ ಆದ ಗದ್ದಲ ಏನು ಹೇಳಲಿ. ಒಬ್ಬರ ಕಂಕುಳಲ್ಲಿ ಹೇಟೆ, ಇನ್ನೊಬ್ಬರ ಬಕೆಟಿನಲ್ಲಿ ಮರಿಗಳು. ಕ್ಷೌರದಂಗಡಿಯ ತಾತನ ಹುಂಜ ಕೈಜಾರಿ, ಕಿಟಕಿಯಿಂದ ಹಾರಿ ನನ್ನ ಮೆಷಿನ್ ಮೇಲೆ ಹತ್ತಿ ಕೂತು ಕೂಗಿತು. ಅಷ್ಟರಲ್ಲಿ ಬಡಗಿಯಣ್ಣ ಆಸ್ಪತ್ರೆಯಿಂದ ಬಂದ. ಹೊಟ್ಟೆಗೆ ಅವಚಿಕೊಂಡ ಫ್ಲಾಸ್ಕ್, ಅದರ ತುಂಬ ಐಸ್, ಐಸಿನ ನಡುವೆ ಸೀಸೆ. ಉಳಿ ಚೀಲವನ್ನು ಮನೆಯಲ್ಲೇ ಬಿಟ್ಟು ಹೋಗಿದ್ದ. ಹನಿ ಅಕ್ಕ ಒಂದೊಂದು ಕೋಳಿಯ ಕಣ್ಣಿಗೂ ಒಂದೊಂದು ಹನಿ ಬಿಟ್ಟು, ಅದು ರೆಪ್ಪೆ ಬಡಿದ ಮೇಲೆ ಕೆಳಗಿಳಿಸಿದರು. "ಇದು ಒಂದೇ ಸಲಕ್ಕೆ ಮುಗಿಯಲ್ಲ. ಮತ್ತೆ ಯಾವಾಗ ಅಂತ ನಾನೇ ಹೇಳ್ತೀನಿ, ತಪ್ಪಿಸಬೇಡಿ," ಎಂದರು. ನಾವು ಒಂದು ಸಲವೂ ತಪ್ಪಿಸಲಿಲ್ಲ.

ಮರಿಗಳು ಬೆಳೆದು ಹೊಳೆಯುವ ಕೋಳಿಗಳಾದವು. ಅಷ್ಟರಲ್ಲಿ ಅತ್ತಿಗೆಯ ತಮ್ಮ, ಲಾರಿ ಓಡಿಸುವವನು, ದೂರದ ಸಂತೆಯಿಂದ ಒಂದು ಹುಂಜ ತಂದ. ಏನು ಜುಟ್ಟು, ಏನು ಬಾಲ. ಸೀದಾ ಗೂಡಿನ ಬಾಗಿಲಿಗೆ ಕೈ ಹಾಕಿದ. ಬಡಗಿಯಣ್ಣ ಅವನ ಕೈ ಹಿಡಿದುಕೊಂಡ.

"ಹುಂಜ ಚೆನ್ನಾಗಿದೆಯಪ್ಪ. ಆದ್ರೆ ಈಗಲೇ ಇವುಗಳ ಜೊತೆ ಬಿಡಲ್ಲ. ಹೊಸ ಕೋಳಿ ರೋಗ ತರಬಹುದು ಅಂತ ಹನಿ ಅಕ್ಕ ಹೇಳಿದಾರೆ, ಎರಡು ಮೂರು ವಾರ ಬೇರೆ ಇರಲಿ."

"ಏನ್ ಭಾವ, ನಾನು ತಂದ ಹುಂಜ ನಿಮ್ಮ ಕೋಳಿಗೆ ಸಮ ಇಲ್ವಾ?"

"ನೀನು ಬಂದ್ರೆ ನಮ್ಮನೇಲೇ ಮಲಗು. ನಿನ್ನ ಹುಂಜ ನಾನು ಮರ ಇಡೋ ಶೆಡ್ಡಲ್ಲಿ ಮಲಗಲಿ."

ತಮ್ಮನಿಗೆ ಸಿಟ್ಟು ಬಂತು, ಚಹಾ ಕೂಡ ಕುಡಿಯದೆ ಹೊರಟ. ಅತ್ತಿಗೆಯ ಮುಖ ಬಾಡಿತು. ಬಡಗಿಯಣ್ಣ ಮಣಿಯಲಿಲ್ಲ. ಗೂಡಿನ ಕೋಳಿಗಳಿಗೆ ಮೊದಲು ನೀರು, ಕಾಳು ಕೊಟ್ಟು, ಕೊನೆಗೆ ಹುಂಜದ ಹತ್ತಿರ ಹೋಗುತ್ತಿದ್ದ. ಬಂದವನು ಸೋಪು ಹಾಕಿ ಕೈಕಾಲು ತೊಳೆದು, ಚಪ್ಪಲಿ ಬದಲಿಸುತ್ತಿದ್ದ.

ಕೆಲವೇ ದಿನಗಳಲ್ಲಿ ಹುಂಜ ಬಾಯಿ ತೆರೆದು ಉಸಿರೆಳೆಯಿತು. ಹಸಿರು ಭೇದಿ. ಆಮೇಲೆ ಕತ್ತು ತಿರುಚಿತು. ಹನಿ ಅಕ್ಕನಿಗೆ ಹೇಳಿ ಕಳಿಸುವಷ್ಟರಲ್ಲಿ ಸತ್ತೇ ಹೋಯಿತು. ಬಡಗಿಯಣ್ಣ ಮತ್ತೆ ಗುಂಡಿ ತೋಡಿದ, ಸುಣ್ಣ ಸುರಿದ. ಅತ್ತಿಗೆ ಗೂಡಿನ ಎದುರು ನೆಲದ ಮೇಲೆ ಕೂತುಬಿಟ್ಟಳು.

"ಕೊಡಲಿ ತೆಗೆದಿಡ್ಲಾ?" ಎಂದು ಕೇಳಿದಳು.

"ಸುಮ್ನಿರೇ. ಹನಿ ಹಾಕಿಸಿದೀವಿ. ನೋಡೋಣ," ಎಂದ ಬಡಗಿಯಣ್ಣ. ಅವನೂ ಪಕ್ಕದಲ್ಲೇ ಕೂತ.

ಆ ದಿನಗಳಲ್ಲಿ ನಾನು ಹೊಲಿದ ಒಂದು ಬಟ್ಟೆಯೂ ನೆಟ್ಟಗಿಲ್ಲ. ಕಣ್ಣೆಲ್ಲ ಗೂಡಿನ ಮೇಲೆ. ಒಂದು ಕೋಳಿ ಕೆಮ್ಮಿದರೆ ಮೂರು ಜನ ಓಡುತ್ತಿದ್ದೆವು. ಆದರೆ ಬೆಳಗ್ಗೆ ಬಾಗಿಲು ತೆರೆದರೆ ಸಾಕು, ಎಲ್ಲವೂ ದಡಬಡ ಹೊರಗೆ ಧುಮುಕಿ ಕೆದಕಲು ಶುರು. ಒಂದು ವಾರ ಹೋಯಿತು, ಇನ್ನೊಂದೂ ಹೋಯಿತು. ಒಂದೇ ಒಂದು ಕೋಳಿಯ ಕತ್ತೂ ತಿರುಚಲಿಲ್ಲ. ಬೀದಿಯ ಯಾರ ಮನೆಯಲ್ಲೂ ಇಲ್ಲ.

ಒಂದು ಮಧ್ಯಾಹ್ನ ಹಿತ್ತಲಲ್ಲಿ ಕೊಕ್ಕೊಕ್ಕೋ ಎಂದು ದೊಡ್ಡ ಗಲಾಟೆ. ಬಡಗಿಯಣ್ಣ ಎದ್ದುಬಿದ್ದು ನನ್ನ ಕಿಟಕಿಗೆ ಬಂದು ಕೈ ಒಳಗೆ ಚಾಚಿದ. ಅಂಗೈಯಲ್ಲಿ ಪುಟ್ಟ ಮೊಟ್ಟೆ.

"ಮುಟ್ಟಿ ನೋಡು ತಂಗಿ, ಇನ್ನೂ ಬಿಸಿ ಇದೆ."

ಮುಟ್ಟಿದೆ. ಬಿಸಿಯಾಗಿಯೇ ಇತ್ತು. ಅವನ ಕಣ್ಣಲ್ಲಿ ನೀರಿತ್ತು. ಈ ಸಲ ಅವನು ನಲ್ಲಿಯ ಹತ್ತಿರ ಓಡಲಿಲ್ಲ, ನಾನೂ ಪರದೆ ಎಳೆಯಲಿಲ್ಲ.

"ಅಲ್ಲಣ್ಣ, ಗೂಡು ಒಡೆದು ಬೆಂಚು ಮಾಡ್ತೀನಿ ಅಂದಿದ್ಯಲ್ಲ?" ಎಂದು ಕೆಣಕಿದೆ.

"ಮಾಡಿದೀನಿ. ಬಂದು ನೋಡು."

ನಿಜಕ್ಕೂ ಮಾಡಿದ್ದ. ಬೇರೆ ಮರದ್ದು, ಗೂಡಿನ ಎದುರಿಗೇ ಹಾಕಿದ್ದ. ಅತ್ತಿಗೆ ಈಗ ನೆಲದ ಮೇಲೆ ಕೂರುವುದಿಲ್ಲ. ಸಂಜೆ ಇಬ್ಬರೂ ಆ ಬೆಂಚಿನ ಮೇಲೆ ಕೂತು, ಕೋಳಿಗಳು ಒಂದೊಂದಾಗಿ ಒಳಗೆ ಹೋಗುವುದನ್ನು ನೋಡಿ, ಆಮೇಲೆ ಬಾಗಿಲು ಹಾಕುತ್ತಾರೆ. ಸಿಟ್ಟು ಮಾಡಿಕೊಂಡು ಹೋದ ತಮ್ಮ ಮೊನ್ನೆ ಬಂದು ಅಲ್ಲೇ ಕೂತು ಆಮ್ಲೆಟ್ ತಿಂದ.

ಅಕ್ಕಂದಿರೇ, ಅಣ್ಣಂದಿರೇ, ಈಗ ನಿಮ್ಮ ಹಿತ್ತಲಿನ ಮಾತು. ನಾಳೆ ಬೆಳಗ್ಗೆ ಕೋಳಿ ಬಿಡುವ ಮುಂಚೆ ಗೂಡಿನೊಳಗೆ ಒಮ್ಮೆ ಮೂಗು ಹಾಕಿ. ನಿಮ್ಮ ಕಣ್ಣು ಉರಿದರೆ ಅವಕ್ಕೂ ಉರಿಯುತ್ತಿದೆ ಎಂದು ತಿಳಿಯಿರಿ, ಗಾಳಿಗೆ ದಾರಿ ಮಾಡಿಕೊಡಿ. ಆಮೇಲೆ ಅಕ್ಕಪಕ್ಕದವರನ್ನು ಸೇರಿಸಿಕೊಂಡು ಹತ್ತಿರದ ಪಶು ಆಸ್ಪತ್ರೆಗೆ ಹೋಗಿ, ಕೊಕ್ಕರೆ ರೋಗದ ಲಸಿಕೆ ಕೇಳಿ. ಹೊಸ ಕೋಳಿ ಎಷ್ಟೇ ಚಂದವಿರಲಿ, ಯಾರೇ ತಂದಿರಲಿ, ಕೆಲವು ವಾರ ಬೇರೆ ಇಡಿ. ಕಾಯಿಲೆಯ ಕೋಳಿಯನ್ನು ಮಾರಬೇಡಿ, ತಿನ್ನಬೇಡಿ, ಸತ್ತದ್ದನ್ನು ಚರಂಡಿಗೆ ಎಸೆಯಬೇಡಿ. ಲಸಿಕೆ ತರಲು ಹೋಗುವಾಗ ಫ್ಲಾಸ್ಕ್ ಮರೆಯಬೇಡಿ. ದಾರಿಯಲ್ಲಿ ಐಸ್ ಕರಗಿ ನಿಮ್ಮ ಚೀಲ ಒದ್ದೆಯಾದರೆ ಆಗಲಿ, ಮನೆಗೆ ಬಂದು ಒಣಗಿಸಿಕೊಳ್ಳಿ.