ಹಮ್ಮಬ್ಬನ ಐಸ್ ಪೆಟ್ಟಿಗೆ

ಗಂಡನನ್ನು ಮಣ್ಣಿಗಿಟ್ಟು ಬಂದ ಮರುದಿನ ಬೆಳಿಗ್ಗೆ ನೀರಿನ ಟ್ಯಾಂಕರ್ ಎಂದಿನ ಹೊತ್ತಿಗೇ ಬಂತು. ಜೆಸಿಂತಾ ಪೈಪು ಹಿಡಿದು ಟ್ಯಾಂಕಿ ತುಂಬಿಸಿದಳು. ಉಳಿದ ನೀರಿನಲ್ಲಿ ಐಸ್ ಪೆಟ್ಟಿಗೆ ತೊಳೆದಳು. ಮೀನಿನ ವಾಸನೆ ಹೋಗಲಿಲ್ಲ.

ಪೆಟ್ಟಿಗೆ ಒಮಾನಿನ ಈ ಬರ್ಕಾ ಪೇಟೆಯ ಬಲೆ ವ್ಯಾಪಾರಿ ಹಮ್ಮಬ್ಬನದು. ಶುಕ್ರವಾರ ಮೀನು ಹಿಡಿಯಲೆಂದು ಗಂಡ ಡೆನ್ಜಿಲ್ ಕೇಳಿ ತಂದಿದ್ದ. ಜೊತೆಗೆ ಹೋದವನೂ ಹಮ್ಮಬ್ಬನೇ. ದೋಣಿ ಮಗುಚಿದಾಗ ಡೆನ್ಜಿಲನನ್ನು ದಡಕ್ಕೆ ಎಳೆದವನೂ ಅವನೇ. ಊರಿನಲ್ಲಿ ಕಂಡಿದ್ದಂತೆ, ಉಸಿರು ನಿಂತವನ ತಲೆ ತಗ್ಗಿಸಿ, ಆಂಬುಲೆನ್ಸ್ ಬರುವವರೆಗೂ ಹೊಟ್ಟೆ ಒತ್ತಿ ನೀರು ಕಕ್ಕಿಸಿದ್ದ. ಆಂಬುಲೆನ್ಸಿನವರು ಎದೆಬಡಿತ ಮರಳಿಸಿದರು. ಆಮೇಲೆ ವೆಂಟಿಲೇಟರಿನಲ್ಲಿ ಆರು ದಿನ. ನರ್ಸಿಂಗ್ ಓದಿದ ಜೆಸಿಂತಾಳಿಗೆ ಡಾಕ್ಟರು ಬಿಡಿಸಿ ಹೇಳಬೇಕಾಗಿರಲಿಲ್ಲ. ಉಸಿರು ಕೊಡಬೇಕಿದ್ದ ನಿಮಿಷಗಳು ಹೊಟ್ಟೆ ಒತ್ತುವುದರಲ್ಲೇ ಕಳೆದಿದ್ದವು.

ಜೆಸಿಂತಾ ಹೊತ್ತು ತಂದ ಪೆಟ್ಟಿಗೆ ಕಂಡು ಹಮ್ಮಬ್ಬ ಅಂಗಡಿಯಿಂದ ಇಳಿದು ಬಂದ.

"ಇದಕ್ಕೆ ಇವತ್ತೇ ಏನು ಅರ್ಜೆಂಟಿತ್ತು ಸಿಸ್ಟರ್?"

"ನಿಮ್ಮದಲ್ವಾ."

"ಅವನಾಗಿದ್ದರೆ ವರ್ಷವಾದರೂ ಕೊಡುತ್ತಿರಲಿಲ್ಲ, ಕಳ್ಳ." ನಗಲು ಹೋದವನು ಪೆಟ್ಟಿಗೆಯತ್ತ ನೋಡಿದ. "ಬಾಲ್ದಿಯಷ್ಟು ನೀರು ತೆಗೆದಿದ್ದೆ. ಮತ್ತೆ ಹೇಗೆ ಹೋದ? ನಾನು ಮಾಡಿದ್ದು ಸರಿ ಅಲ್ವಾ ಸಿಸ್ಟರ್?"

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಬರುವ ಶುಕ್ರವಾರವೂ ಅವನು ಯಾರನ್ನಾದರೂ ಕೂರಿಸಿಕೊಂಡು ಕಡಲಿಗೆ ಹೋಗುವವನೇ.

"ಇನ್ನು ಯಾರಿಗೂ ಹೊಟ್ಟೆ ಒತ್ತಬೇಡಿ," ಎಂದಳು. "ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ಆಮೇಲೆ ಎದೆ ಒತ್ತಿ. ಬೇಕಾದರೆ ನಾನೇ ಬಂದು ತೋರಿಸುತ್ತೇನೆ."

ಹಮ್ಮಬ್ಬ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡ. ಪೆಟ್ಟಿಗೆ ತೆಗೆದುಕೊಳ್ಳಲು ಅವು ಮುಂದೆ ಬರಲಿಲ್ಲ. ಜೆಸಿಂತಾ ಅದನ್ನು ಅವನ ಕಾಲ ಬಳಿ ಇಟ್ಟಳು.